ಎಂಬತ್ತು ಕಿಲೋ

ಪಂಪು ತಯಾರಿಸುವ ಆ ಕಂಪನಿಯಲ್ಲಿ ಅವಳನ್ನು ಎಲ್ಲರೂ ಲೆಕ್ಕದಮ್ಮ ಎಂದೇ ಕರೆಯುತ್ತಿದ್ದರು. ಹತ್ತೊಂಬತ್ತು ವರ್ಷದ ಹಿಂದೆ, ಲೇತ್ ಯಂತ್ರದ ಮೇಲೆ ಕೆಲಸ ಮಾಡುತ್ತಿದ್ದ ಅವಳ ಅಪ್ಪ ತೀರಿಕೊಂಡ ತಿಂಗಳಿಗೆ ದೊಡ್ಡಣ್ಣ ಮನೆಗೆ ಬಂದು, "ಸೋಮವಾರದಿಂದ ಆಫೀಸಿಗೆ ಬಾ ಮಗಳೇ. ನಿಮ್ಮಪ್ಪ ಜೀವನ ಪೂರ್ತಿ ನಿಂತೇ ಕೆಲಸ ಮಾಡಿದ. ನೀನು ಕೂತು ಮಾಡು" ಎಂದಿದ್ದರು. ಅಂದಿನಿಂದ ಅವಳು ಕೂತಿದ್ದಳು. ಅವಳ ಕುರ್ಚಿ ಕಿಟಕಿಯ ಪಕ್ಕಕ್ಕೆ ಬಂತು, ಆಮೇಲೆ ಗಾಜಿನ ಕೋಣೆಯೊಳಗೆ ಹೋಯಿತು.

ದೊಡ್ಡಣ್ಣ ಕಂಪನಿಯ ಇಬ್ಬರು ಯಜಮಾನರಲ್ಲಿ ಹಿರಿಯರು. ಅವರಿಗೆ ಅರವತ್ತಾರು. ಕಿರಿಯವರು ಅವರ ಸ್ವಂತ ತಮ್ಮ, ಅವರಿಗಿಂತ ಹದಿನಾಲ್ಕು ವರ್ಷ ಚಿಕ್ಕವರು. ಅವರನ್ನು ಸಣ್ಣ ಯಜಮಾನರು ಎನ್ನುತ್ತಿದ್ದರು. ಬಾಡಿಗೆಯ ತಗಡಿನ ಶೆಡ್ಡಿನಲ್ಲಿ ಒಂದು ಲೇತ್ ಇಟ್ಟುಕೊಂಡು ದೊಡ್ಡಣ್ಣ ತಮ್ಮನನ್ನೂ ತಂಗಿಯನ್ನೂ ಓದಿಸಿದ್ದರು. ಶೆಡ್ಡು ಬೆಳೆದು ಕಂಪನಿಯಾದಾಗ ನೂರು ಪಾಲಿನಲ್ಲಿ ತಮಗೆ ನಲವತ್ತು ಇಟ್ಟುಕೊಂಡು ತಮ್ಮನಿಗೂ ನಲವತ್ತು ಬರೆದರು. ಉಳಿದ ಇಪ್ಪತ್ತನ್ನು ತಂಗಿಗೆ ಕೊಟ್ಟರು. ತಂಗಿ ಹೋದ ಮೇಲೆ ಆ ಇಪ್ಪತ್ತು ಅವಳ ಮಗನಿಗೆ ಬಂತು. ಅವನು ಮೆತ್ತನೆಯ ಮನುಷ್ಯ, ದೊಡ್ಡಮಾವ ಎದುರಿಗೆ ಕೂತಿದ್ದರೆ ಅವರ ಮಾತಿಗೆ ಅಡ್ಡ ಹೇಳಿದವನಲ್ಲ. ಸಭೆಗೆ ಬಂದು ಕೂತವರದ್ದು ಮಾತ್ರ ಮತ, ಇಬ್ಬರಾದರೂ ಕೂತಿರಬೇಕು, ಫೋನಿನಲ್ಲಿ ಹೇಳಿದ್ದು, ಬರೆದು ಕಳಿಸಿದ್ದು ನಡೆಯುವುದಿಲ್ಲ ಎಂಬ ನಿಯಮವನ್ನು ಬರೆಸಿದವರೂ ದೊಡ್ಡಣ್ಣನೇ. "ಏನೇ ಇದ್ದರೂ ಮುಖ ನೋಡಿ ಹೇಳಲಿ" ಎನ್ನುವುದು ಅವರ ಹಟ.

ಮುಖ್ಯ ಕಚೇರಿ, ಪಂಪು ಜೋಡಿಸುವ ಕಾರ್ಖಾನೆ ಒಂದು ಊರಿನಲ್ಲಿದ್ದರೆ, ಕಬ್ಬಿಣ ಕರಗಿಸಿ ಎರಕ ಹೊಯ್ಯುವ ಫೌಂಡ್ರಿ ಇನ್ನೊಂದು ಊರಿನಲ್ಲಿತ್ತು. ಸುತ್ತುಬಳಸಿನ ಘಟ್ಟದ ರಸ್ತೆಯಲ್ಲಿ ಹದಿನಾಲ್ಕು ಗಂಟೆ. ಅಲ್ಲಿಗೆ ಟಿಕೆಟ್ಟಿನ ವಿಮಾನವಿರಲಿಲ್ಲ. ಹಳೆಯದೊಂದು ಸಣ್ಣ ರನ್‌ವೇ ಮಾತ್ರ ಇತ್ತು.

ಒಂದು ದಿನ ಸಣ್ಣ ಯಜಮಾನರು ಲೆಕ್ಕದಮ್ಮನನ್ನು ಕರೆದರು.

"ಸ್ವಂತಕ್ಕೆ ಒಂದು ವಿಮಾನ ಇಟ್ಕೊಳ್ಳೋದು ಯಾವಾಗ ಗಿಟ್ಟುತ್ತೆ? ಆಸೆಗೆ ಕೇಳ್ತಿಲ್ಲ. ಲೆಕ್ಕ ಹಾಕಿ ಹೇಳಿ."

ಅವಳು ಮೂರು ವಾರ ಕೂತು ಲೆಕ್ಕ ಹಾಕಿದಳು. ಯಾರು ಎಷ್ಟು ಸಲ ಎಲ್ಲಿಗೆ ಹೋದರು, ಎಷ್ಟು ದಿನ ರಸ್ತೆಯಲ್ಲಿ ಕಳೆದರು, ಎಷ್ಟು ದಿನ ಹೋಟೆಲಿನಲ್ಲಿ ಮಲಗಿದರು ಎಂದು ಎರಡು ವರ್ಷದ ಪ್ರಯಾಣದ ಬಿಲ್ಲುಗಳನ್ನೆಲ್ಲ ಬಿಡಿಸಿ ನೋಡಿದಳು. ವಿಮಾನ ಬಾಡಿಗೆ ಕೊಡುವ ನಾಲ್ಕು ಕಡೆ ಮಾತಾಡಿದಳು. ಕೊನೆಗೆ ಬರೆದ ವರದಿ ಸ್ಪಷ್ಟವಾಗಿತ್ತು: ಹೋಗುವ ಊರಿಗೆ ಬೇರೆ ವಿಮಾನ ಇರಬಾರದು. ಪ್ರತಿ ಸಲ ಐದು ಸೀಟಾದರೂ ತುಂಬಬೇಕು. ವರ್ಷಕ್ಕೆ ಮುನ್ನೂರು ಗಂಟೆ ಹಾರಿದರೆ ಕೊಳ್ಳಬಹುದು, ಅದಕ್ಕಿಂತ ಕಡಿಮೆಯಾದರೆ ಬಾಡಿಗೆಯೇ ಮೇಲು. ಜನರನ್ನು ಬಿಟ್ಟು ಬರಲು ಹೋಗಿ ಖಾಲಿ ತಿರುಗುವ ಹಾರಾಟಕ್ಕೆ ಖರ್ಚು ಎರಡು ಪಟ್ಟು. ಎಲ್ಲಕ್ಕಿಂತ ಮುಖ್ಯವಾಗಿ, ಒಳಗೆ ಕೂತವರ ಒಂದು ಗಂಟೆಗೆ ಅಷ್ಟು ಬೆಲೆ ಇರಬೇಕು.

ಈ ಕೊನೆಯ ಮಾತಿಗಾಗಿ ಒಂದು ಪಟ್ಟಿ ಬೇಕಾಯಿತು. ಫೌಂಡ್ರಿಗೆ ಓಡಾಡುವ ಹನ್ನೊಂದು ಜನರ ಸಂಬಳವನ್ನು ಕೆಲಸದ ಗಂಟೆಗಳಿಂದ ಭಾಗಿಸಿ, ಅವರು ತಂದ ವ್ಯಾಪಾರವನ್ನು ಸೇರಿಸಿ, ಒಬ್ಬೊಬ್ಬರ ಗಂಟೆಗೂ ಬೆಲೆ ಕಟ್ಟಿದಳು. ದೊಡ್ಡಣ್ಣ ಹನ್ನೊಂದು ವರ್ಷದಿಂದ ಸಂಬಳ ಏರಿಸಿಕೊಂಡಿರಲಿಲ್ಲ. ವ್ಯಾಪಾರದ ಮಾತಿಗೆ ಹೋಗುವವರೂ ಅಲ್ಲ. ಓಡುವ ಪಂಪಿಗೆ ಸ್ಕ್ರೂಡ್ರೈವರಿನ ತುದಿ ಒತ್ತಿ, ಹಿಡಿಯನ್ನು ಕಿವಿಗಿಟ್ಟುಕೊಂಡು, ಯಾವ ಬೇರಿಂಗ್ ಎಷ್ಟು ದಿನಕ್ಕೆ ಹೋಗುತ್ತದೆ ಎಂದು ಹೇಳುವ ಮನುಷ್ಯ. ಅದನ್ನು ಪಟ್ಟಿಯ ಯಾವ ಕಾಲಮಿನಲ್ಲಿ ಬರೆಯುವುದು? ಅವರ ಗಂಟೆ ಅವಳ ಗಂಟೆಗಿಂತ ಕಡಿಮೆಗೆ ಬಂದು ನಿಂತಿತು. ಕೈಯಾರೆ ತಿದ್ದೋಣವೆಂದು ಒಂದು ಕ್ಷಣ ಅನ್ನಿಸಿತು. ತಿದ್ದಲಿಲ್ಲ. ಅವರು ಪಟ್ಟಿಯ ಕಟ್ಟಕಡೆಯ ಸಾಲಾದರು.

ತಿಂಗಳ ಸಭೆಯಲ್ಲಿ ಸಣ್ಣ ಯಜಮಾನರು ಆ ಪಟ್ಟಿಯನ್ನು ಗಟ್ಟಿಯಾಗಿ ಓದಿದರು.

"ಅಣ್ಣ, ನಿನ್ನ ಗಂಟೆಗಿಂತ ವಿಮಾನದೊಳಗೆ ನೀನು ಕಾಲಿಡೋ ಕಾರ್ಪೆಟ್ಟಿಗೇ ಬೆಲೆ ಜಾಸ್ತಿಯಂತೆ!"

ಎಲ್ಲರೂ ನಕ್ಕರು. ದೊಡ್ಡಣ್ಣನೂ ನಕ್ಕರು. "ಸರಿಯಾಗೇ ಇದೆ ಬಿಡು. ಈ ವಯಸ್ಸಲ್ಲಿ ಗಂಟೆಗೊಂದು ಸಲ ಬಾತ್‌ರೂಮಿಗೆ ಬೇರೆ ಹೋಗ್ತೀನಿ. ಅದನ್ನ ಕಳೆದಿಲ್ಲ, ಪುಣ್ಯ." ಹೊರಗೆ ಹೋಗುವಾಗ ಅವಳ ಮೇಜಿನ ಹತ್ತಿರ ನಿಂತು, "ಮುಖ ಸಣ್ಣ ಮಾಡ್ಕೋಬೇಡ ಮಗಳೇ, ಲೆಕ್ಕ ಅಂದ್ರೆ ಲೆಕ್ಕ" ಎಂದರು.

ವರದಿಯ ಕೊನೆಯ ಸಾಲು 'ಸದ್ಯಕ್ಕೆ ಗಿಟ್ಟುವುದಿಲ್ಲ' ಎಂದಿತ್ತು. ಆದರೂ ಎರಡು ತಿಂಗಳಿಗೆ ಬಾಡಿಗೆಯ ವಿಮಾನ ಬಂದೇ ಬಂತು. ಎರಡು ಎಂಜಿನ್, ಪೈಲಟ್ ಬಿಟ್ಟು ಏಳು ಸೀಟು. ಪೈಲಟ್ ಐವತ್ತರ ಆಸುಪಾಸಿನವನು. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟು, ಕೇಳದ್ದನ್ನು ತನ್ನಲ್ಲೇ ಇಟ್ಟುಕೊಳ್ಳುವವನು.

ಗಿಟ್ಟದ ವಿಮಾನ ಯಾಕೆ ಬಂತೆಂದು ಲೆಕ್ಕದಮ್ಮನಿಗೆ ಗೊತ್ತಾದದ್ದು ಒಂದು ಬುಧವಾರ. ಸಣ್ಣ ಯಜಮಾನರು ಬಾಗಿಲು ಮುಚ್ಚಿ ಹೇಳಿದರು. ದೊಡ್ಡ ಕಂಪನಿಯೊಂದು ಇವರ ಕಂಪನಿಯನ್ನು ಪೂರ್ತಿಯಾಗಿ ಕೊಳ್ಳಲು ಮುಂದೆ ಬಂದಿತ್ತು. ಅವರಿಗೆ ಬೇಕಾದದ್ದು ಪಂಪಿನ ಹೆಸರು, ಗಿರಾಕಿಗಳು. ಫೌಂಡ್ರಿ ಬೇಡ, ಮುಚ್ಚುತ್ತಾರೆ. ಅಲ್ಲಿನ ಇನ್ನೂರ ಅರವತ್ತು ಜನ ಮನೆಗೆ. ಈ ಮಾತು ಒಮ್ಮೆ ಎದ್ದಾಗಲೇ ದೊಡ್ಡಣ್ಣ "ನಾನು ಇರೋವರೆಗೂ ಆಗಲ್ಲ" ಎಂದಿದ್ದರು. ಅವರು ಎದುರಿಗಿದ್ದರೆ ತಂಗಿಯ ಮಗ, ಆ ಅಳಿಯನೂ ಆಗಲ್ಲ ಎನ್ನುತ್ತಾನೆ.

"ಮುಂದಿನ ವಾರ ಅವರ ಕಡೆಯ ಇಬ್ಬರು ಫೌಂಡ್ರಿ ನೋಡೋಕೆ ಬರ್ತಾರೆ. ಅಣ್ಣನಿಗೆ ಹೊಸ ಗಿರಾಕಿಗಳು ಅಂತ ಹೇಳಿದೀನಿ. ಅವತ್ತೇ ಸಂಜೆ ನಾಲ್ಕಕ್ಕೆ ಪಾಲುದಾರರ ಸಭೆ. ಹೊಸ ಕಂಪನಿಯಲ್ಲಿ ಲೆಕ್ಕದ ವಿಭಾಗಕ್ಕೆ ನೀವೇ ಮುಖ್ಯಸ್ಥರು. ಮಾತಾಡಿ ಆಗಿದೆ. ನೀವು ಗುಟ್ಟು ಬಿಟ್ಟುಕೊಡೋರಲ್ಲ ಅಂತ ಹೇಳ್ತಿದೀನಿ."

ಅವಳು ಹೂಂ ಎಂದಳು. ಯಾಕೆ ಎಂದಳೋ ಆಮೇಲೆ ತನ್ನನ್ನೇ ಎಷ್ಟೋ ಸಲ ಕೇಳಿಕೊಂಡಳು. ಹೆದರಿಕೆ ಇತ್ತು, ನಿಜ. ಆದರೆ ಆಸೆಯೂ ಇತ್ತು.

ಅದೇ ವಾರ ಪೈಲಟ್‌ನನ್ನು ಕರೆಸಿ ಸಣ್ಣ ಯಜಮಾನರು ಕೇಳಿದ್ದು ಅವಳ ಕಿವಿಗೂ ಬಿದ್ದಿತ್ತು.

"ಅಲ್ಲಿಂದ ಏಳೂ ಜನ ಕೂತು ವಾಪಸ್ ಹೊರಡೋಕೆ ಏನಾದರೂ ತೊಂದರೆ ಇದೆಯಾ?"

"ಹತ್ತೂವರೆ ಒಳಗೆ ಹೊರಟರೆ ಇಲ್ಲ ಸರ್. ಆಮೇಲೆ ಬಿಸಿಲು ಏರುತ್ತೆ. ಬಿಸಿ ಗಾಳಿ ತೆಳ್ಳಗಿರುತ್ತೆ, ರೆಕ್ಕೆಗೆ ಹಿಡಿತ ಸಿಗಲ್ಲ. ಆ ರನ್‌ವೇ ಗಿಡ್ಡ. ಮಧ್ಯಾಹ್ನ ಆದ್ರೆ ಒಬ್ಬರನ್ನ ಇಳಿಸಬೇಕಾಗುತ್ತೆ."

"ಮಧ್ಯಾಹ್ನ ಅಂದ್ರೆ ಎಷ್ಟು ಹೊತ್ತಿಗೆ?"

"ಹನ್ನೆರಡು."

ಸಣ್ಣ ಯಜಮಾನರು ಅದನ್ನು ಡೈರಿಯಲ್ಲಿ ಬರೆದುಕೊಂಡರು.

ಆ ದಿನ ಬೆಳಿಗ್ಗೆ ಎಂಟಕ್ಕೆ ಎಲ್ಲರೂ ಫೌಂಡ್ರಿಯಲ್ಲಿದ್ದರು. ಸಣ್ಣ ಯಜಮಾನರು, ಅಳಿಯ, ಮಾರಾಟದ ಮ್ಯಾನೇಜರ್, ಲೆಕ್ಕದಮ್ಮ, ದೊಡ್ಡಣ್ಣ, ಮತ್ತು ಬೂದು ಕೋಟಿನ ಆ ಇಬ್ಬರು. ದೊಡ್ಡಣ್ಣ ಅವರನ್ನು ಇಡೀ ಫೌಂಡ್ರಿ ಸುತ್ತಿಸಿದರು. ಮರಳಿನ ಅಚ್ಚು ಹೇಗೆ ಕೂಡಿಸುತ್ತಾರೆ, ಕುಲುಮೆಯ ಬಾಯಿ ಯಾವ ಬಣ್ಣಕ್ಕೆ ಬಂದಾಗ ಹೊಯ್ಯಬೇಕು, ಎಲ್ಲ ವಿವರಿಸಿದರು. ಇಪ್ಪತ್ತೆಂಟು ವರ್ಷದಿಂದ ಅಚ್ಚು ಮಾಡುತ್ತಿದ್ದ ಒಬ್ಬಳ ಕೈ ಹಿಡಿದು ಮುಂದೆ ಕರೆತಂದು, "ಇವಳು ಮುಟ್ಟಿದ ಅಚ್ಚಿನಲ್ಲಿ ಒಂದು ಗುಳ್ಳೆ ತೋರಿಸಿಬಿಡಿ, ನಾನು ಹೆಸರು ಬದಲಾಯಿಸ್ಕೋತೀನಿ" ಎಂದರು. ಆ ಹೆಂಗಸು ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕಳು. ಬೂದು ಕೋಟಿನವರೂ ನಕ್ಕರು. ಅವರಲ್ಲೊಬ್ಬ ಗೋಡೆಯಿಂದ ಗೋಡೆಗೆ ಹೆಜ್ಜೆ ಹಾಕಿ ಜಾಗ ಅಳೆಯುತ್ತಿದ್ದ. ದೊಡ್ಡಣ್ಣ ಅದನ್ನು ನೋಡಿದರೂ, ದೊಡ್ಡ ಆರ್ಡರ್ ಕೊಡುವವರು, ಎಷ್ಟು ಸಾಮರ್ಥ್ಯ ಇದೆ ಎಂದು ನೋಡುತ್ತಿದ್ದಾರೆ ಎಂದುಕೊಂಡರು. ಸಂತೋಷದಲ್ಲಿ, ಮಾದರಿಗೆಂದು ನಾಲ್ಕು ಎರಕದ ತುಂಡುಗಳನ್ನು ಮರದ ಪೆಟ್ಟಿಗೆಗೆ ತುಂಬಿಸಿ, ತಾವೇ ಎತ್ತಿ ಜೀಪಿನಲ್ಲಿಟ್ಟರು.

ಹತ್ತಕ್ಕೆ ಪೈಲಟ್ ಫೋನ್ ಮಾಡಿದ. ಹತ್ತೂವರೆಗೆ ಮತ್ತೆ ಮಾಡಿದ. ಸಣ್ಣ ಯಜಮಾನರು, "ಊಟ ಮುಗಿಸ್ಕೊಂಡೇ ಹೋಗೋಣ, ಅಣ್ಣ ಎಷ್ಟು ಪ್ರೀತಿಯಿಂದ ಮಾಡಿಸಿದಾನೆ" ಎಂದರು. ರನ್‌ವೇಗೆ ಬಂದಾಗ ಹನ್ನೆರಡೂಕಾಲು. ಮುಳ್ಳುತಂತಿಯ ಬೇಲಿ, ಒಂದು ತಗಡಿನ ಶೆಡ್ಡು, ಒಬ್ಬ ಕಾವಲುಗಾರ. ಟಾರಿನ ಮೇಲೆ ಗಾಳಿ ನಡುಗುತ್ತಿತ್ತು. ಪೈಲಟ್ ರೆಕ್ಕೆಯ ಕೆಳಗೆ ನಿಂತು ಹಾಳೆಯ ಮೇಲೆ ಎಲ್ಲರ ತೂಕ, ಚೀಲಗಳ ತೂಕ ಬರೆದುಕೊಂಡು ಕೂಡಿದ.

"ಎಂಬತ್ತು ಕಿಲೋ ಇಳೀಬೇಕು ಸರ್. ಇಲ್ಲಾಂದ್ರೆ ಬೇಲಿ ದಾಟಲ್ಲ."

"ಎಂಬತ್ತು ಅಂದ್ರೆ ಒಬ್ಬರು."

"ಯಾವ ಎಂಬತ್ತಾದ್ರೂ ಸರಿ."

ಸಣ್ಣ ಯಜಮಾನರು ಸುತ್ತ ನೋಡಿ ತಮಾಷೆಯ ದನಿಯಲ್ಲಿ ಹೇಳಿದರು, "ಇದಕ್ಕೆಲ್ಲ ನಾವು ಜಗಳ ಆಡೋದೇ ಬೇಡ. ಲೆಕ್ಕದಮ್ಮ, ನಿಮ್ಮ ಪಟ್ಟಿ ಇದೆಯಲ್ಲ. ಕೊನೇ ಸಾಲು ಯಾರದ್ದು?"

ಅಳಿಯ ತನ್ನ ಬೂಟು ನೋಡಿಕೊಂಡ. ಲೆಕ್ಕದಮ್ಮ ಒಂದು ಹೆಜ್ಜೆ ಮುಂದೆ ಬಂದಳು.

"ನಾನು ಇಳೀತೀನಿ ಸರ್" ಎಂದಳು.

"ನಿಮ್ಮ ತೂಕ?" ಸಣ್ಣ ಯಜಮಾನರು ಕೇಳಿದರು.

"ಐವತ್ತೆಂಟು."

"ಸಾಲಲ್ಲ."

ಪೈಲಟ್ ಹಿಡಿದ ಹಾಳೆ ಅವಳ ಕಣ್ಣೆದುರಿಗೇ ಇತ್ತು. ಅವಳ ಹೆಸರಿನ ಎರಡು ಸಾಲು ಕೆಳಗೆ 'ಮರದ ಪೆಟ್ಟಿಗೆ, 24' ಎಂದು ಬರೆದಿತ್ತು. ಐವತ್ತೆಂಟು ಇಪ್ಪತ್ತನಾಲ್ಕು, ಎಂಬತ್ತೆರಡು. ಅವಳ ತಲೆ ಅದನ್ನು ಕೂಡಿ ಮುಗಿಸಲು ಕಣ್ಣು ಮಿಟುಕಿಸುವಷ್ಟೂ ಹೊತ್ತು ಹಿಡಿಯಲಿಲ್ಲ. ಬಾಯಿ ತೆರೆದಳು. ಸಣ್ಣ ಯಜಮಾನರು ಅವಳನ್ನೇ ನೋಡುತ್ತಿದ್ದರು. ಬಾಯಿ ಮುಚ್ಚಿದಳು.

"ಅಯ್ಯೋ, ಇಷ್ಟಕ್ಕೆ ಯಾಕೆ ಎಲ್ಲರೂ ಮುಖ ಮುಖ ನೋಡ್ತೀರಿ?" ಎಂದರು ದೊಡ್ಡಣ್ಣ. "ನಾನು ಸರಿಯಾಗಿ ಎಂಬತ್ತು. ನನಗೋಸ್ಕರವೇ ಕೇಳಿದ ಹಾಗಿದೆ. ನೀವೆಲ್ಲ ಹೋಗಿ. ವಿಮಾನ ತಿರುಗಿ ಬಂದು ನನ್ನ ಕರ್ಕೊಂಡು ಹೋಗಲಿ. ಹೋಗೋಕೆ ಒಂದು ಗಂಟೆ, ಬರೋಕೆ ಒಂದು. ನಾಲ್ಕಕ್ಕೆ ಮುಂಚೆ ತಲುಪ್ತೀನಿ. ಏನಪ್ಪ?"

"ಬೇಕಾದಷ್ಟು ಟೈಮ್ ಇದೆ ಅಣ್ಣ. ಇಳಿದ ತಕ್ಷಣ ಕಳಿಸ್ತೀನಿ."

ದೊಡ್ಡಣ್ಣ ಪೆಟ್ಟಿಗೆಯನ್ನು ತಾವೇ ಒಳಗೆ ಜರುಗಿಸಿ, ಉರುಳದ ಹಾಗೆ ಬೆಲ್ಟು ಕಟ್ಟಿ, ಕೆಳಗಿಳಿದು ನಿಂತರು. ವಿಮಾನ ಓಡುವಾಗ ಲೆಕ್ಕದಮ್ಮ ಕಿಟಕಿಯಿಂದ ನೋಡಿದಳು. ಅವರು ಕೈ ಬೀಸುತ್ತಿರಲಿಲ್ಲ. ತಲೆ ಓರೆ ಮಾಡಿ ಎಂಜಿನ್ನಿನ ಸದ್ದು ಕೇಳಿಸಿಕೊಳ್ಳುತ್ತಿದ್ದರು.

ಇಳಿದ ಮೇಲೆ ಪೈಲಟ್ ಕೇಳಿದ, "ವಾಪಸ್ ಹೊರಡ್ಲಾ ಸರ್?"

"ಬೇಡ. ಖಾಲಿ ವಿಮಾನ ಹಾರಿಸೋದು ಗಿಟ್ಟಲ್ಲ. ನಮ್ಮ ಲೆಕ್ಕದಮ್ಮನವರ ವರದೀಲೇ ಇದೆ" ಎಂದರು ಸಣ್ಣ ಯಜಮಾನರು. ಬೂದು ಕೋಟಿನವರಲ್ಲಿ ಒಬ್ಬ ಕಿಸಕ್ಕನೆ ನಕ್ಕ. ಪೈಲಟ್ ಟೋಪಿ ತೆಗೆದು ಸೀಟಿನ ಮೇಲಿಟ್ಟ, ಅಷ್ಟೆ.

ಮೂರಕ್ಕೆ ಅವಳ ಫೋನ್ ಹೊಡೆದುಕೊಂಡಿತು. ಸಭೆಯ ಕೋಣೆಯ ಹೊರಗೆ ಅವಳು, ಸಣ್ಣ ಯಜಮಾನರು ಇಬ್ಬರೇ ಇದ್ದರು.

"ಮಗಳೇ, ತಮ್ಮ ಫೋನ್ ಎತ್ತುತ್ತಿಲ್ಲ. ವಿಮಾನ ಎಲ್ಲೀವರೆಗೆ ಬಂತು? ಆಗಲೇ ಬಂದಿರಬೇಕಿತ್ತಲ್ಲ, ಏನಾದ್ರೂ ಕೆಟ್ಟಿತಾ? ಇಲ್ಲಿ ಕಾವಲುಗಾರ ನೀರು ಕೊಟ್ಟ, ಒಳ್ಳೆಯವನು. ಬರಲ್ಲ ಅಂದ್ರೂ ಚಿಂತೆ ಇಲ್ಲ, ಹೇಳಿಬಿಡು. ಅಳಿಯನಿಗೆ ಫೋನ್ ಮಾಡಿ ಸಭೆ ನಾಳೆಗೆ ಹಾಕೋಣ ಅಂತೀನಿ."

ಒಂದೇ ಒಂದು ಫೋನು. ಅಳಿಯ ಎದ್ದು ಹೊರಗೆ ಬಂದರೆ ಒಬ್ಬರೇ ಉಳಿಯುತ್ತಾರೆ, ಸಭೆ ನಡೆಯುವುದಿಲ್ಲ. ಇದು ಅವಳಿಗೆ ಗೊತ್ತಿತ್ತು. ಸಣ್ಣ ಯಜಮಾನರು ಬೆರಳಿನಿಂದ ಆಕಾಶ ತೋರಿಸಿ ತಲೆಯಾಡಿಸಿದರು.

"ಹೊರಟಿದೆ ದೊಡ್ಡಣ್ಣ" ಎಂದಳು. "ತಡವಾಗಿ ಹೊರಟಿತು. ಇನ್ನೇನು ಬಂದುಬಿಡುತ್ತೆ."

"ಹಾಗಾದ್ರೆ ಸರಿ. ನಾನು ಬರೋವರೆಗೂ ಶುರು ಮಾಡಬೇಡಿ ಅನ್ನು."

ಸಭೆ ನಾಲ್ಕಕ್ಕೆ ಸರಿಯಾಗಿ ಶುರುವಾಯಿತು. ಗೋಪ್ಯದ ವಿಷಯವೆಂದು ಫೋನುಗಳನ್ನೆಲ್ಲ ಹೊರಗಿಡಿಸಿದ್ದರು. ಅಳಿಯ ಖಾಲಿ ಕುರ್ಚಿಯನ್ನು ನೋಡಿ, "ದೊಡ್ಡಮಾವ ಬರ್ಲಿ ಮಾವ, ಕಾಯೋಣ" ಎಂದ.

"ಅವನೇ ಶುರು ಮಾಡಿ ಅಂದಿದಾನೆ. ಈಗ ತಾನೆ ಫೋನ್ ಬಂದಿತ್ತು. ಅಲ್ವಾ ಲೆಕ್ಕದಮ್ಮ?"

ನಡಾವಳಿ ಬರೆಯಲು ಕೂತಿದ್ದ ಅವಳು ತಲೆ ಆಡಿಸಿದಳು.

"ಅವರು ಒಪ್ಪಿದಾರಾ?" ಅಳಿಯ ಅವಳನ್ನೇ ಕೇಳಿದ.

"ಫೋನ್ ಮಾಡಿದ್ರು" ಎಂದಳು. ಅದು ಸುಳ್ಳಲ್ಲ ಎಂದು ಅವಳು ಅಂದುಕೊಂಡಳು.

ಹನ್ನೊಂದು ನಿಮಿಷ ಹಿಡಿಯಿತು. ಅಳಿಯ ಸಹಿ ಹಾಕಿದ. ಎಲ್ಲರೂ ಎದ್ದು ಹೋದ ಮೇಲೆ ಸಣ್ಣ ಯಜಮಾನರು ಕೋಟು ಬಿಚ್ಚಿ ಕುರ್ಚಿಗೆ ಹಾಕಿ, ಕಾಲು ಚಾಚಿ ಕೂತರು.

"ನಿಮ್ಮ ವರದಿಯಲ್ಲಿ ಒಂದು ತಪ್ಪಿದೆ, ಗೊತ್ತಾ? ಹತ್ತಿದವರ ಬೆಲೆ ಮಾತ್ರ ಹಾಕಿದ್ರಿ. ಇಳಿದವರದ್ದೂ ಹಾಕ್ಬೇಕು. ಆಮೇಲೆ ನೋಡಿ, ಗಿಟ್ಟುತ್ತೋ ಇಲ್ವೋ."

ದೊಡ್ಡಣ್ಣ ಸಂಜೆ ಆರರವರೆಗೂ ರನ್‌ವೇಯಲ್ಲಿ ಕಾದರು. ಮೂರರ ಆ ಮಾತಿನ ನಂತರ ಅವಳು ಮತ್ತೆ ಫೋನ್ ಎತ್ತಲಿಲ್ಲ. ಬೀಗ ಹಾಕುವ ಹೊತ್ತಾಯಿತೆಂದು ಕಾವಲುಗಾರ ತನ್ನ ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ಬಸ್ ನಿಲ್ದಾಣಕ್ಕೆ ಬಿಟ್ಟ. ಮಾರನೆಯ ದಿನ ಬೆಳಿಗ್ಗೆ ಹತ್ತಕ್ಕೆ ಆಫೀಸಿಗೆ ಬಂದಾಗ ಅವರ ಕಿವಿ, ಕುತ್ತಿಗೆ ಬಿಸಿಲಿಗೆ ಸುಟ್ಟು ಕೆಂಪಾಗಿದ್ದವು. ವಿಷಯ ಬಾಗಿಲಲ್ಲೇ ಯಾರೋ ಹೇಳಿದ್ದರು. ನೇರವಾಗಿ ತಮ್ಮನ ಕೋಣೆಗೆ ಹೋದರು. ಬಾಗಿಲು ಮುಚ್ಚಲಿಲ್ಲ. ಅವರು ಕೂಗಾಡುತ್ತಾರೆಂದು ಇಡೀ ಆಫೀಸು ಅಂದುಕೊಂಡಿತ್ತು.

"ಬಾಯಿ ಬಿಟ್ಟು ಕೇಳಬಹುದಿತ್ತಲ್ಲೋ."

"ಕೇಳಿದ್ರೆ ಕೊಡ್ತಿದ್ಯಾ ಅಣ್ಣ?"

ದೊಡ್ಡಣ್ಣ ಯೋಚಿಸಿದರು. "ಇಲ್ಲ. ಕೊಡ್ತಿರ್ಲಿಲ್ಲ."

"ಮತ್ತೆ?"

"ಆದ್ರೂ ಕೇಳಬಹುದಿತ್ತು."

"ನಿನಗೂ ನಲವತ್ತು ಪಾಲಿನ ದುಡ್ಡು ಬರುತ್ತೆ. ಆರಾಮಾಗಿರು. ಇನ್ನು ಮೇಲೆ ನಿನ್ನ ಗಂಟೆ ಎಲ್ಲ ನಿನ್ನದೇ."

ಹೊರಗೆ ಬಂದವರು ಲೆಕ್ಕದಮ್ಮನ ಗಾಜಿನ ಕೋಣೆಯ ಬಾಗಿಲಲ್ಲಿ ನಿಂತರು. ಅವಳು ಎದ್ದು ನಿಂತಳು.

"ಪೆಟ್ಟಿಗೆ ಇಪ್ಪತ್ತನಾಲ್ಕು ಕಿಲೋ. ಅಲ್ಲಿ ಬೆಂಚಿನ ಮೇಲೆ ಕೂತಾಗ ಹೊಳೀತು ನನಗೆ" ಎಂದರು. "ನೀವು ಅಲ್ಲೇ ಕೂಡಿರ್ತೀರಿ ಅಂದ್ಕೊಂಡೆ. ನಿಮ್ಮ ಲೆಕ್ಕ ಯಾವತ್ತೂ ಚುರುಕು."

ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಅವರು ಅವಳಿಗೆ ನೀವು ಎಂದಿದ್ದರು. ಅವಳು ಬಾಗಿಲಿಗೆ ಬರುವಷ್ಟರಲ್ಲಿ ಅವರು ಆಗಲೇ ಮೆಟ್ಟಿಲು ಇಳಿಯುತ್ತಿದ್ದರು.

ನಾಲ್ಕು ತಿಂಗಳಿಗೆ ಫೌಂಡ್ರಿಯ ಕುಲುಮೆ ಆರಿತು. ಲೆಕ್ಕದಮ್ಮ ಹೊಸ ಕಂಪನಿಯಲ್ಲಿ ಮುಖ್ಯಸ್ಥೆಯಾದಳು. ಹೊಸಬರು ಮೊದಲು ಕೇಳಿದ್ದೇ ಆ ವಿಮಾನದ ಬಗ್ಗೆ. ಅವಳು ಹಳೆಯ ವರದಿಯನ್ನೇ ಕೊಟ್ಟಳು. ಅವರು ಕೊನೆಯ ಸಾಲು ಓದಿ ಅದೇ ದಿನ ಬಾಡಿಗೆ ರದ್ದು ಮಾಡಿದರು. ಪೈಲಟ್‌ಗೆ ಒಂದು ಸಾಲಿನ ಪತ್ರ ಹೋಯಿತು, ಅದಕ್ಕೂ ಅವಳದೇ ಸಹಿ. ಸಣ್ಣ ಯಜಮಾನರಿಗೆ ಸಲಹೆಗಾರ ಎಂಬ ಹುದ್ದೆ, ಒಂದು ಕೋಣೆ ಸಿಕ್ಕಿತು. ಕೋಣೆಗೆ ಯಾರೂ ಹೋಗುತ್ತಿರಲಿಲ್ಲ. ಅವರಿಗೆ ಅದರಿಂದ ಬೇಸರವಾದಂತೆಯೂ ಕಾಣಲಿಲ್ಲ. ಮಧ್ಯಾಹ್ನ ಒಳ್ಳೆಯ ನಿದ್ದೆ ಮಾಡುತ್ತಿದ್ದರು.

ಫೌಂಡ್ರಿಯವರಿಗೆ ಎಷ್ಟು ವರ್ಷ ದುಡಿದಿದ್ದರೋ ಅಷ್ಟಕ್ಕೆ ಪರಿಹಾರ ಎಂದು ಹೊಸ ಕಂಪನಿ ಹೇಳಿತ್ತು. ಆದರೆ ಹಳೆಯ ಹಾಜರಿ ಪುಸ್ತಕಗಳು ಹರಿದಿದ್ದವು. ಎಷ್ಟೋ ಜನರ ಮೊದಲ ಹತ್ತು ವರ್ಷ ಎಲ್ಲೂ ದಾಖಲಾಗಿರಲಿಲ್ಲ. ಒಂದು ದಿನ ಲೆಕ್ಕದಮ್ಮನಿಗೆ ಪತ್ರ ಬಂತು. 'ಮಾನ್ಯರೇ, ಸೇವಾವಧಿಯ ಪಟ್ಟಿ ಸರಿಪಡಿಸುವ ಕೆಲಸಕ್ಕೆ ತಮ್ಮ ಸಹಾಯ ಬೇಕಾಗಿದೆ.' ಕೆಳಗೆ ದೊಡ್ಡಣ್ಣನ ಸಹಿ.

ಅವಳು ರಜೆ ಹಾಕಿ ಬಸ್ಸಿನಲ್ಲಿ ಹೋದಳು. ಫೌಂಡ್ರಿಯ ಹಿಂದಿನ ರಸ್ತೆಯಲ್ಲಿ, ಅಚ್ಚು ಮಾಡುತ್ತಿದ್ದ ಆ ಹೆಂಗಸಿನ ಮನೆಯ ಮುಂದಿನ ಕೋಣೆಯಲ್ಲಿ ಒಂದು ಮೇಜು ಹಾಕಿದ್ದರು. ಒಂಬತ್ತು ದಿನ ಅವಳು ಅಲ್ಲಿ ಕೂತು ಹಳೆಯ ಕೂಲಿ ಚೀಟಿ, ಆಸ್ಪತ್ರೆ ಚೀಟಿ, ಗುಂಪು ಫೋಟೋಗಳ ಹಿಂದೆ ಬರೆದ ತಾರೀಖು ಎಲ್ಲವನ್ನೂ ಹೊಂದಿಸಿದಳು. ನಲವತ್ತೊಂದು ಜನರಿಗೆ ಕಳೆದುಹೋದ ವರ್ಷಗಳು ಸಿಕ್ಕವು. ದೊಡ್ಡಣ್ಣ ಎದುರಿಗೆ ಕೂತು ಒಬ್ಬೊಬ್ಬರನ್ನೇ ಕರೆದು ಕೇಳಿ ಹೇಳುತ್ತಿದ್ದರು. "ಇವನ ಹೆಸರಿಗೆ ಬರೆದುಕೊಳ್ಳಿ ಮೇಡಂ." "ಇದನ್ನ ಒಮ್ಮೆ ನೋಡಿಬಿಡಿ ಮೇಡಂ." ಊಟದ ಹೊತ್ತಿಗೆ ಅವಳಿಗೆ ಮೊದಲು ಬಡಿಸಲು ಹೇಳುತ್ತಿದ್ದರು, ತಾವು ಒಳಗಿನ ಕೋಣೆಯಲ್ಲಿ ಫೌಂಡ್ರಿಯವರ ಜೊತೆ ಕೂರುತ್ತಿದ್ದರು. ಅಲ್ಲಿಂದ ನಗು ಕೇಳಿಸುತ್ತಿತ್ತು.

ಕೊನೆಯ ದಿನ ಕೊನೆಯ ಹಾಳೆಗೆ ಸಹಿ ಹಾಕಿ ಅವಳು ಹೇಳಿದಳು, "ದೊಡ್ಡಣ್ಣ, ಅವತ್ತು ನಾನು..."

"ಪಟ್ಟಿ ಮುಗೀತಾ ಮೇಡಂ?"

"ಮುಗೀತು."

"ತಪ್ಪೇನೂ ಉಳಿದಿಲ್ಲ ತಾನೆ?"

"ಇಲ್ಲ."

"ಹಾಗಾದ್ರೆ ಹೊರಡಿ. ಮೂರು ಗಂಟೆ ಬಸ್ಸು ತಪ್ಪಿದ್ರೆ ಆಮೇಲೆ ಕಷ್ಟ."

ಅವಳು ಕನ್ನಡಕ, ಪೆನ್ನು ಚೀಲಕ್ಕೆ ಹಾಕಿಕೊಂಡು ಎದ್ದಳು. ದೊಡ್ಡಣ್ಣ ಹಾಳೆಗಳನ್ನು ಒಟ್ಟುಮಾಡಿ ದಾರ ಕಟ್ಟಿದರು. ಆಮೇಲೆ ಬಾಗಿಲವರೆಗೆ ಬಂದರು, ಹೊರಗಿನವರನ್ನು ಕಳಿಸುವಾಗ ಬರುವಷ್ಟೇ ದೂರ, ಮತ್ತೆ ಒಳಗೆ ಹೋಗಿ ಪಟ್ಟಿಯ ಮೊದಲನೆಯವನನ್ನು ಸಹಿ ಹಾಕಲು ಕರೆದರು.